ಅರ್ಜಿಯಲ್ಲಿ ನಾನು ಬರೆದ ಹೆಸರು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ಸದಾ ಕಪ್ಪಗಿರುತ್ತಿದ್ದವು. ಸಿಲ್ವರ್ ನೈಟ್ರೇಟಿನ ಕಲೆ, ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಅವರು ನಮ್ಮ ಹೈಸ್ಕೂಲಿನ ಲ್ಯಾಬ್ ಅಟೆಂಡರ್. ಹುಡುಗಿಯರೆಲ್ಲ ಲ್ಯಾಬ್ ಅಣ್ಣ ಎನ್ನುತ್ತಿದ್ದೆವು.

ಓದಿದ್ದು ಏಳನೇ ಕ್ಲಾಸು. ಆದರೂ ಚೀಟಿ ಉದುರಿದ ಬಾಟಲಿಯನ್ನು ಬೆಳಕಿಗೆ ಹಿಡಿದು ಒಳಗೇನಿದೆ ಎಂದು ಹೇಳುತ್ತಿದ್ದರು. ಗಾಜು ಒಡೆದವರನ್ನು ಬೈಯುತ್ತಿರಲಿಲ್ಲ. "ಕೈ ಕುಯ್ಕೊಂಡ್ಯಾ, ತೋರ್ಸು" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳ ಮಾತು. ನಾನು ವಿಜ್ಞಾನ ಸ್ಪರ್ಧೆಗೆ ಸೇರಿದ್ದೆ. ಮೈಸೂರಿನ ಮಂಡಿ ಮೊಹಲ್ಲಾದ ಅವರ ಮನೆಯ ಪಕ್ಕ ಬಟ್ಟೆಗೆ ಬಣ್ಣ ಹಾಕುವವರಿದ್ದರು. ಲ್ಯಾಬ್ ಅಣ್ಣ ಅಲ್ಲಿನ ಮೋರಿಯ ಕೆಂಪು ನೀರನ್ನು ಸೀಸೆಯಲ್ಲಿ ತಂದು, "ಇದನ್ನ ತಿಳಿ ಮಾಡ್ಬುಟ್ರೆ ಗೆದ್ದಂಗೇ ಕಣವ್ವ" ಎಂದರು. ಹುಣಸೆ ಬೀಜದ ಪುಡಿ ಹಾಕುವ ಉಪಾಯವೂ ಅವರದೇ. ಆರು ತಿಂಗಳು, ಶಾಲೆ ಬಿಟ್ಟ ಮೇಲೆ ದಿನಾ ನನ್ನ ಜೊತೆ ನಿಂತರು.

ಸ್ಪರ್ಧೆಯ ಅರ್ಜಿಯಲ್ಲಿ ಮಾರ್ಗದರ್ಶಕರ ಹೆಸರು ಕೇಳಿದ್ದರು. "ಅಟೆಂಡರ್ ಹೆಸರು ಹಾಕ್ತಾರೇನಮ್ಮ? ನಗ್ತಾರೆ. ನನ್ನದು ಬರಿ" ಎಂದರು ಹೆಡ್‌ಮಾಸ್ಟರು. ಒಂದು ದಿನವೂ ಅವರು ಲ್ಯಾಬಿಗೆ ಬಂದಿರಲಿಲ್ಲ. ನಾನು ಬರೆದೆ. ದುಂಡಗೆ, ಚೆನ್ನಾಗಿಯೇ ಬರೆದೆ.

ಗೆದ್ದೆ. ಹೊರದೇಶದಲ್ಲೂ ಬಹುಮಾನ ಬಂತು. ಮರುವರ್ಷ ಅಲ್ಲಿಂದ ಒಂದು ಪತ್ರ: ಮಂಗಳ, ಗುರು ಗ್ರಹಗಳ ನಡುವೆ ಸುತ್ತುವ ಒಂದು ಪುಟ್ಟ ಕ್ಷುದ್ರಗ್ರಹಕ್ಕೆ ನನ್ನ ಹೆಸರು, ಇನ್ನೊಂದಕ್ಕೆ ಮಾರ್ಗದರ್ಶಕರ ಹೆಸರು. ಗೆದ್ದವರ ಗೌರವಕ್ಕೆ ಹಾಗೆ ಹೆಸರಿಡುವುದು ಅಲ್ಲಿನ ಪದ್ಧತಿಯಂತೆ. ಸನ್ಮಾನದಲ್ಲಿ ಹೆಡ್‌ಮಾಸ್ಟರಿಗೆ ಮೈಸೂರು ಪೇಟ ತೊಡಿಸಿದರು. ಕುರ್ಚಿ ಹಾಕಿದ್ದು ಲ್ಯಾಬ್ ಅಣ್ಣ.

ಸಭೆ ಮುಗಿದ ಮೇಲೆ ಅವರ ಹತ್ತಿರ ಹೋಗಿ ಅತ್ತೆ. ಕುರ್ಚಿ ಮಡಚುತ್ತಲೇ, "ಬುಡವ್ವ, ಕಲ್ಲು ತಾನೆ? ನಮ್ಮನೆ ಮುಂದೆ ಬೇಕಾದಷ್ಟು ಬಿದ್ದವೆ" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಅರ್ಜೀಲಿ ನನ್ನ ಹೆಸರು ಬರೆಯೋಕೆ ಜಾಗ ಇರ್ಲಿಲ್ವಾ?"

"ಇರ್ಲಿಲ್ಲ ಅಣ್ಣ" ಎಂದೆ.

ಕೆಲಸಕ್ಕೆ ಸೇರಿದ ಮೇಲೆ, ಕ್ಷುದ್ರಗ್ರಹಗಳಿಗೆ ಹೆಸರಿಡುವವರಿಗೆ ನಡೆದದ್ದನ್ನೆಲ್ಲ ಬರೆದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ ಎಂದು ಉತ್ತರ ಬಂತು. ನಿಜವನ್ನು ಲ್ಯಾಬ್ ಅಣ್ಣನಿಗಾದರೂ ಹೇಳೋಣವೆಂದು ಮಂಡಿ ಮೊಹಲ್ಲಾಕ್ಕೆ ಹೋದೆ. ಅವರು ತೀರಿಕೊಂಡು ಮೂರು ವಾರವಾಗಿತ್ತು. ಅವರ ಹೆಂಡತಿ ಒಳಗಿನಿಂದ ಒಂದು ಸೀಸೆ ತಂದು ಕೊಟ್ಟರು. ನಾವು ತಿಳಿ ಮಾಡಿದ್ದ ಆ ನೀರು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ, ಅಣ್ಣನ ಅಂಕುಡೊಂಕು ಅಕ್ಷರದಲ್ಲಿ, ನನ್ನ ಹೆಸರೊಂದೇ ಇತ್ತು.