ತೋಳಿನ ಮೇಲಿನ ಹಲ್ಲಿ

ಸಿಂಧುವಿನ ಎಡತೋಳಿನಲ್ಲಿ ಹಲ್ಲಿಯ ಟ್ಯಾಟೂ ಇದೆ ಎಂದು ಹುಡುಗನ ತಾಯಿಗೆ ಹೇಳಿ ಆ ಸಂಬಂಧ ಮುರಿದವಳು ನಾನು. ಅವಳ ಚಿಕ್ಕಮ್ಮ ಸುಧಾ ಅಲ್ಲ. ಸುಧಮ್ಮನೇ ಹೇಳಿದ್ದು ಎಂದು ಅವರ ಮನೆಯವರೆಲ್ಲ ಏಳು ವರ್ಷ ನಂಬಿದ್ದರು. ಆ ಏಳು ವರ್ಷವೂ ಸಿಂಧುವಿನ ತಾಯಿ, ಸುಧಮ್ಮ — ಈ ಅಕ್ಕ ತಂಗಿ ಒಬ್ಬರೊಡನೊಬ್ಬರು ಮಾತಾಡಲಿಲ್ಲ. ನಾನು — ನಿಜ ಗೊತ್ತಿದ್ದ ನಾನು — ಇಬ್ಬರಿಗೂ ಬ್ಲೌಸು ಹೊಲಿದು ಕೊಡುತ್ತ ಸುಮ್ಮನಿದ್ದೆ.

ಇದನ್ನು ಬರೆಯಲು ಹೆದರಬೇಕಿತ್ತು. ಹೆದರಿಕೆಯಿಲ್ಲ. ಹೇಳಬೇಕಾದವರ ಮುಖ ನೋಡಿ ಹೇಳಿ ಆಗಿದೆ. ಈಗ ಎರಡು ತಿಂಗಳಿಂದ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ಮಲಗಿದ ತಕ್ಷಣ ನಿದ್ದೆ ಬರುತ್ತಿದೆ. ಇಷ್ಟು ಹಗುರಾಗಲು ನನಗೆ ಹಕ್ಕಿದೆಯೋ ಇಲ್ಲವೋ — ಅದು ಬೇರೆ ಮಾತು.

ನಾನು ಮಂಜುಳ. ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಇಪ್ಪತ್ತಾರು ವರ್ಷದಿಂದ ಹೆಂಗಸರ ಬ್ಲೌಸು ಹೊಲಿಯುತ್ತಿದ್ದೇನೆ. ಮನೆ ಪಕ್ಕದ ಶ್ರೀರಾಂಪುರದಲ್ಲಿ, ಬಡವರ ವಠಾರದಲ್ಲಿ. ಟೈಲರ್‌ಗೆ ಗೊತ್ತಾಗುವಷ್ಟು ಗುಟ್ಟು ಡಾಕ್ಟರಿಗೂ ಗೊತ್ತಾಗುವುದಿಲ್ಲ ಎಂದು ನಾನೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಯಾರ ಭುಜ ಒಂದು ಕಡೆ ವಾಲಿದೆ, ಯಾರಿಗೆ ಆಪರೇಷನ್ ಆಗಿ ಒಂದು ಕಡೆ ಪ್ಯಾಡ್ ಇಡಬೇಕು, ಯಾರ ಬೆನ್ನಲ್ಲಿ ಬರೆ ಇದೆ — ಟೇಪು ಹಿಡಿದವಳಿಗೆ ಎಲ್ಲ ಕಾಣುತ್ತದೆ. ಕಂಡದ್ದು ಪರದೆಯ ಆಚೆ ಹೋಗಬಾರದು. ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಕಲಿಸುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು.

ಏಳು ವರ್ಷದ ಹಿಂದೆ ವಿಮಲಮ್ಮ ಮಗಳು ಸಿಂಧುವನ್ನು ಕರೆದುಕೊಂಡು ಬಂದರು. ವಿಮಲಮ್ಮ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು, ಮಾತು ಸ್ವಲ್ಪ ಖಾರ, ನನ್ನ ಹಳೆಯ ಗಿರಾಕಿ. ಹುಡುಗಿಗೆ ಮದುವೆ ಗೊತ್ತಾಗಿತ್ತು. ಐದು ಬ್ಲೌಸು, ಐದಕ್ಕೂ ಮೊಣಕೈವರೆಗೆ ತೋಳು ಎಂದರು. ಅವಳ ವಯಸ್ಸಿನ ಹುಡುಗಿಯರು ತೋಳೇ ಬೇಡ ಎನ್ನುವ ಕಾಲದಲ್ಲಿ ಇದೇನು ಎಂದುಕೊಂಡು ಅಳತೆಗೆ ಕೈ ಎತ್ತಿಸಿದೆ. ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಒಂದು ಹಲ್ಲಿ! ಬಾಲ ಸೊಟ್ಟ ಮಾಡಿಕೊಂಡು, ಭುಜದ ಕಡೆ ಮುಖ ಮಾಡಿ ಕೂತಿತ್ತು. ಕೈಯಲ್ಲಿದ್ದ ಟೇಪಿನಿಂದ ಓಡಿಸಲು ಹೋಗಿದ್ದೆ.

ಸಿಂಧು ನಕ್ಕಳು. ಕಾಲೇಜಿನಲ್ಲಿ ಮೂರು ವರ್ಷ ಹಲ್ಲಿಗಳ ಮೇಲೆಯೇ ಓದಿದ್ದಳಂತೆ. ಗೋಡೆಗೋಡೆ ನೋಡುತ್ತ ಓಡಾಡಿ, ಓದು ಮುಗಿದ ದಿನ ಹೋಗಿ ಹಾಕಿಸಿಕೊಂಡಿದ್ದಳು. ಅವಳ ತಾಯಿ ಮಾತ್ರ ತಲೆ ಚಚ್ಚಿಕೊಂಡರು. ಜನ ಹೂವು ಹಾಕಿಸಿಕೊಳ್ಳುತ್ತಾರೆ, ಓಂ ಹಾಕಿಸಿಕೊಳ್ಳುತ್ತಾರೆ, ಇವಳಿಗೆ ಸಿಕ್ಕಿದ್ದು ಹಲ್ಲಿ. ಮೈಮೇಲೆ ಹಲ್ಲಿ ಬಿದ್ದರೆ ಫಲ ಏನೆಂದು ಪಂಚಾಂಗದಲ್ಲಿ ಬರೆದಿದ್ದಾರೆ, ದುಡ್ಡು ಕೊಟ್ಟು ಕೂರಿಸಿಕೊಂಡರೆ ಏನು ಫಲ ಎಂದು ಯಾರನ್ನು ಕೇಳಲಿ ಎಂದರು. ಹುಡುಗನ ತಾಯಿ ಬಲು ಮಡಿ, ಮದುವೆ ಮುಗಿಯುವವರೆಗೆ ಕಾಣಬಾರದು, ಆಮೇಲೆ ನಿಧಾನವಾಗಿ ಹೇಳಿದರಾಯಿತು — ಇದು ಅವರ ಲೆಕ್ಕಾಚಾರ. ಸಿಂಧುವಿಗೆ ಮುಚ್ಚಿಡಲು ಒಂಚೂರೂ ಮನಸ್ಸಿರಲಿಲ್ಲ. ಅವಳ ಚಿಕ್ಕಮ್ಮ ಸುಧಮ್ಮನೂ ಮೊದಲೇ ಹೇಳಿಬಿಡುವುದು ವಾಸಿ ಎಂದಿದ್ದರಂತೆ. ಆದರೆ ತಾಯಿ ಆಣೆ ಹಾಕಿಸಿಕೊಂಡಿದ್ದರು. ತೆಳು ರೇಷ್ಮೆಯಲ್ಲಿ ಹಸಿರು ಬಣ್ಣ ಎದ್ದು ಕಾಣಬಹುದು ಎಂದು ನಾನೇ ಹೇಳಿ ತೋಳಿಗೂ ದಪ್ಪ ಲೈನಿಂಗ್ ಕೊಡಲು ಒಪ್ಪಿದೆ. ಹಾರ ಹಾಕಲು ಕೈ ಎತ್ತಿದರೂ ಕಾಣದಂತೆ ಒಂದು ಇಂಚು ಹೆಚ್ಚಿಗೆ ಇಟ್ಟೆ.

ಟ್ಯಾಟೂ ಕಂಡು ನನಗೆ ಅಸಹ್ಯವಾಯಿತು ಎಂದು ಬರೆದರೆ ನನಗೆ ಅನುಕೂಲ. ಹಳೆಯ ಕಾಲದ ಹೆಂಗಸು, ಪಾಪ, ಅವಳ ನಂಬಿಕೆ ಅವಳಿಗೆ ಎಂದು ನೀವು ಬಿಟ್ಟುಬಿಡುತ್ತೀರಿ. ಆದರೆ ಅದು ಸುಳ್ಳು. ನಮ್ಮಮ್ಮ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದವಳು, ಅವಳ ಎರಡೂ ಕೈಗೆ ಮೊಣಕೈವರೆಗೆ ಹಚ್ಚೆ ಇತ್ತು. ಚಿಕ್ಕವಳಿದ್ದಾಗ ಆ ಚುಕ್ಕಿಗಳ ಮೇಲೆ ಬೆರಳಿಟ್ಟು ಎಣಿಸುತ್ತ ನಾನು ಮಲಗುತ್ತಿದ್ದೆ. ಮೈಮೇಲೆ ಚಿತ್ರ ಬರೆಸಿಕೊಂಡವರ ಮೇಲೆ ನನಗೆ ಯಾವ ದೂರೂ ಇರಲಿಲ್ಲ, ಇವತ್ತಿಗೂ ಇಲ್ಲ.

ಹಾಗಾದರೆ ಯಾಕೆ ಹೇಳಿದೆ? — ಮೊದಲ ಎರಡು ಬ್ಲೌಸು ಟ್ರಯಲ್ ನೋಡಲು ಬಂದ ದಿನ ತೋಳಿನ ಜೋಡಣೆಯಲ್ಲಿ ಸಣ್ಣ ಸುಕ್ಕು ಬಿದ್ದಿತ್ತು. ಬಿದ್ದಿದ್ದು ನಿಜ. ಅಂಗಡಿಯಲ್ಲಿ ಇನ್ನೂ ಮೂವರು ಹೆಂಗಸರು ಕೂತಿದ್ದರು. ವಿಮಲಮ್ಮ ಬ್ಲೌಸನ್ನು ಬೆಳಕಿಗೆ ಹಿಡಿದು, ಬೋರ್ಡು ಮಲ್ಲೇಶ್ವರದ್ದು, ಹೊಲಿಗೆ ಮಾತ್ರ ಶ್ರೀರಾಂಪುರದ್ದು ಎಂದರು. ಮೂವರೂ ನಕ್ಕರು. ನಾನೂ ನಕ್ಕೆ. ನಕ್ಕು, ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ. ಆ ಮಾತು ಮಾತ್ರ ಮನೆಯವರೆಗೂ ನನ್ನ ಜೊತೆ ಬಂತು.

ಎರಡು ದಿನ ಬಿಟ್ಟು ಗಿರಿಜಮ್ಮ ಬಂದರು. ಕುಮಾರ ಪಾರ್ಕಿನವರು, ಹುಡುಗನ ತಾಯಿ; ಮಗನಿಗೆ ಗೊತ್ತಾದ ಹುಡುಗಿ ಸಿಂಧು ಎಂದು ಅವರು ಹೇಳಿದಾಗಲೇ ನನಗೂ ತಿಳಿದದ್ದು. ಅವರೂ ನನ್ನ ಗಿರಾಕಿ ಎಂಬುದು ವಿಮಲಮ್ಮನಿಗೆ ಗೊತ್ತಿರಲಿಲ್ಲ. ಅಳತೆಗೆ ಸೆರಗು ಸರಿಸಿದಾಗ ಅವರ ಮುಂಗೈ ಮೇಲಿನ ಪುಟ್ಟ ಹಸಿರು ರಂಗೋಲಿಯ ಮಾತು ಬಂತು. ಎಂಟು ವರ್ಷದವರಿದ್ದಾಗ ಊರಿಗೆ ಬಂದ ಕೊರವಂಜಿ ಹಾಕಿದ್ದಂತೆ. ಇದು ಹಚ್ಚೆ, ಇದು ಶಾಸ್ತ್ರ. ಈಗಿನವರದ್ದು ಟ್ಯಾಟೂ, ಬರೀ ಶೋಕಿ ಎಂದರು. ಸದ್ಯ, ನಮ್ಮ ಸೊಸೆ ಹಾಗಲ್ಲ, ಎಷ್ಟು ಚೆನ್ನಾಗಿ ಮೈಮುಚ್ಚಿಕೊಂಡು ಬರುತ್ತಾಳೆ ಎಂದು ಹೊಗಳಿದರು.

ಆಗ ನಾನು ಸುಮ್ಮನೆ ಟೇಪು ಸುತ್ತಿಟ್ಟುಕೊಂಡಿದ್ದರೆ — ಇಲ್ಲ, ಸುತ್ತಿಡಲಿಲ್ಲ.

"ಮುಚ್ಕೊಳೋಕೂ ಒಂದು ಕಾರಣ ಇರುತ್ತೆ ಬಿಡಿ ಅಮ್ಮಾ," ಎಂದೆ.

ಬಾಯಿ ಜಾರಿತು ಎಂದು ಹೇಳಿಕೊಳ್ಳಲು ಏಳು ವರ್ಷ ಪ್ರಯತ್ನಪಟ್ಟಿದ್ದೇನೆ. ಜಾರಲಿಲ್ಲ. ಅಷ್ಟು ಹೇಳಿ ನಿಲ್ಲಿಸಿ, ಅವರು ಏನು, ಏನು ಎಂದು ಕೇಳುವಂತೆ ಮಾಡಿ, ನಾನ್ಯಾಕೆ ಹೇಳಲಿ ಎಂದು ಎರಡು ಸಲ ಬಿಂಕ ಮಾಡಿ, ಆಮೇಲೆ ಎಲ್ಲವನ್ನೂ ಹೇಳಿದೆ. ಎಡತೋಳು, ಹಲ್ಲಿ, ಲೈನಿಂಗ್ — ಒಂದನ್ನೂ ಬಿಡಲಿಲ್ಲ. ಹೇಳುವಾಗ ಖುಷಿಯಾಯಿತು. ಈ ವಾಕ್ಯ ಬರೆಯುವುದೇ ನನಗೆ ಎಲ್ಲಕ್ಕಿಂತ ಕಷ್ಟ: ಖುಷಿಯಾಯಿತು. ನನ್ನ ಹೆಸರು ಎತ್ತುವುದಿಲ್ಲ ಎಂದು ಗಿರಿಜಮ್ಮ ಮಾತು ಕೊಟ್ಟರು.

ಅವರು ಮಾತು ಉಳಿಸಿಕೊಂಡರು. ಮಾರನೆಯ ದಿನವೇ ಫೋನು ಮಾಡಿ ಸಂಬಂಧ ಬೇಡ ಎಂದರು. ಯಾರು ಹೇಳಿದರೆಂದು ವಿಮಲಮ್ಮ ಕೇಳಿದ್ದಕ್ಕೆ, ನಿಮ್ಮವರೇ ಹೇಳಿದ್ದು ಎಂದುಬಿಟ್ಟರು. ಅವರ ಪೈಕಿ ಹಲ್ಲಿಯ ವಿಷಯ ಗೊತ್ತಿದ್ದದ್ದು ತಾಯಿಗೆ, ಮಗಳಿಗೆ, ಸುಧಮ್ಮನಿಗೆ. ಸುಧಮ್ಮನ ಮನೆ ಇದ್ದದ್ದು ಕುಮಾರ ಪಾರ್ಕಿನಲ್ಲೇ, ಗಿರಿಜಮ್ಮನ ಮನೆಯಿಂದ ಎರಡು ರಸ್ತೆ ಆಚೆ. ಹೇಳಿಬಿಡೋಣ ಎಂದು ಹಟ ಹಿಡಿದಿದ್ದವರೂ ಅವರೇ. ಇನ್ನೇನು ಬೇಕು? ಟೈಲರ್ ಯಾರ ನೆನಪಿಗೂ ಬರಲಿಲ್ಲ.

ವಾರದ ಮೇಲೆ ವಿಮಲಮ್ಮ ಅಂಗಡಿಗೆ ಬಂದರು. ಮದುವೆಗೆಂದು ಕೊಟ್ಟಿದ್ದ ಬಟ್ಟೆ ವಾಪಸು ಕೇಳಿದವರು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು. ಒಡಹುಟ್ಟಿದ ತಂಗಿಯೇ ಬೆನ್ನಿಗೆ ಚೂರಿ ಹಾಕಿದಳು ಮಂಜುಳಾ ಎಂದರು. ನಾನು ಇನ್ಯಾರದೋ ಬ್ಲೌಸಿಗೆ ಪಿನ್ನು ಚುಚ್ಚುತ್ತಿದ್ದೆ, ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡಿದ್ದೆ. ಒಂದೊಂದಾಗಿ ತೆಗೆದು ಪೆಟ್ಟಿಗೆಗೆ ಹಾಕಿದೆ. ಎಲ್ಲ ತೆಗೆದ ಮೇಲೆ "ಹೌದಾ ಅಮ್ಮಾ?" ಎಂದೆ. ಗಿರಿಜಮ್ಮನಿಗೆ ಹೇಳಿದ್ದು ಸಿಟ್ಟಿನ ಮಾತು. ಇದು ಸಿಟ್ಟಿಲ್ಲದೆ ಹೇಳಿದ ಮಾತು, ಅದಕ್ಕೇ ಇದು ದೊಡ್ಡ ತಪ್ಪು.

ಆಮೇಲೆ ಅದು ಅಭ್ಯಾಸವಾಯಿತು. ಅಕ್ಕ ಬರುವ ದಿನ ತಂಗಿ ಬರದಂತೆ ಟ್ರಯಲ್ ಕೊಡುತ್ತಿದ್ದೆ. ಸುಧಮ್ಮ ಪ್ರತಿ ಸಲವೂ, ಅಕ್ಕ ಬಂದಿದ್ಲಾ, ಸಣ್ಣಗಾಗಿದಾಳಾ ಎಂದು ಅಳತೆ ಪುಸ್ತಕದ ಕಡೆ ಕಣ್ಣು ಹಾಯಿಸಿ ಕೇಳುತ್ತಿದ್ದರು. ನಾನು ಅಳತೆ ಹೇಳುತ್ತಿದ್ದೆ. ನಿಜ ಹೇಳುತ್ತಿರಲಿಲ್ಲ. ಸಿಂಧು ಕಾಲೇಜೊಂದರಲ್ಲಿ ಪಾಠ ಮಾಡುತ್ತ ಚೆನ್ನಾಗಿದ್ದಳು, ಅರ್ಧ ತೋಳಿನ ಕುರ್ತಾದಲ್ಲಿ ಹಲ್ಲಿಯನ್ನು ಊರಿಗೆಲ್ಲ ತೋರಿಸಿಕೊಂಡು ಓಡಾಡುತ್ತಿದ್ದಳು. ಅವಳಿಗೆ ನಾನು ಒಂದು ರೀತಿಯಲ್ಲಿ ಉಪಕಾರವನ್ನೇ ಮಾಡಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಆ ಸಮಾಧಾನವನ್ನು ಕಿತ್ತುಹಾಕಿದವಳೂ ಅವಳೇ. ಎರಡು ತಿಂಗಳ ಹಿಂದೆ ಮದುವೆ ಬ್ಲೌಸು ಹೊಲಿಸಲು ಬಂದಳು. ತನ್ನ ಜೊತೆ ಪಾಠ ಮಾಡುವ ಹುಡುಗನನ್ನು ತಾನೇ ಆರಿಸಿಕೊಂಡಿದ್ದಳು. ಗಿಡ್ಡ ತೋಳು ಇಡಿ ಆಂಟಿ, ಹಲ್ಲಿಗೂ ಮದುವೆ ನೋಡೋ ಆಸೆ ಎಂದು ತಮಾಷೆ ಮಾಡಿದಳು. ಅಳತೆ ತೆಗೆಯುತ್ತಿದ್ದಂತೆ ಅವಳ ಮುಖ ಸಣ್ಣದಾಯಿತು. ಧಾರೆ ಸೀರೆಯನ್ನು ಚಿಕ್ಕಮ್ಮನೇ ಉಡಿಸಬೇಕು ಎಂದು ಅವಳಿಗೆ ಚಿಕ್ಕಂದಿನಿಂದ ಆಸೆ. ಸುಧಾ ಕಾಲಿಟ್ಟರೆ ತಾನು ಛತ್ರಕ್ಕೇ ಬರುವುದಿಲ್ಲ ಎಂದು ತಾಯಿ ಕೂತಿದ್ದರು. ನಾನು ನಾಚಿಕೆಯಿಲ್ಲದೆ ನನ್ನ ಹಳೆಯ ಸಮಾಧಾನವನ್ನೇ ಮುಂದಿಟ್ಟೆ — ಆ ಸಂಬಂಧ ತಪ್ಪಿದ್ದೂ ಒಳ್ಳೆಯದೇ ಆಯಿತಲ್ಲ ಎಂದೆ.

"ಆ ಸಂಬಂಧ ಹೋಗಿದ್ದಕ್ಕೆ ಒಂದಿನಾನೂ ಅತ್ತಿಲ್ಲ ಆಂಟಿ. ಚಿಕ್ಕಮ್ಮ ಹೋಗಿದ್ದಕ್ಕೆ ಇವತ್ತೂ ಅಳ್ತೀನಿ," ಎಂದಳು.

ನನ್ನ ಕೈ ಅವಳ ತೋಳಿನ ಮೇಲೇ ಇತ್ತು. ಟೇಪು ಬಿಟ್ಟೆ. ನಾನಮ್ಮಾ ಹೇಳಿದ್ದು, ನಿಮ್ಮ ಚಿಕ್ಕಮ್ಮ ಅಲ್ಲ ಎಂದೆ. ಇಷ್ಟು ಚಿಕ್ಕ ಮಾತು. ಏಳು ವರ್ಷ ನುಂಗಿಕೊಂಡಿದ್ದು ಇದನ್ನಾ ಎನ್ನಿಸಿತು. ಅವಳು ಬೈಯಲಿಲ್ಲ. ನಂಗೆ ಹೇಳಿದ್ದು ಸಾಲದು, ಈಗಲೇ ಬನ್ನಿ ಎಂದು ಚಪ್ಪಲಿ ಹಾಕಿಕೊಂಡಳು.

ಅವರ ಮನೆಗೆ ಹೋಗಿ ಹೇಳಿದರೆ ವಿಮಲಮ್ಮ ನಂಬಲಿಲ್ಲ. ಚಿಕ್ಕಮ್ಮನನ್ನು ಮದುವೆಗೆ ಕರೆಸಲು ಮಗಳೇ ನನಗೆ ಹೇಳಿಕೊಟ್ಟು ಕರೆತಂದಿದ್ದಾಳೆ ಎಂದುಕೊಂಡರು. ಇನ್ನೊಬ್ಬರ ತಪ್ಪನ್ನು ಯಾಕೆ ತಲೆ ಮೇಲೆ ಹಾಕ್ಕೊಳ್ತೀಯ ಎಂದು ನನ್ನನ್ನೇ ಗದರಿದರು. ತಪ್ಪು ಒಪ್ಪಿಕೊಂಡರೂ ಒಪ್ಪದವರ ಮುಂದೆ ಏನು ಮಾಡುವುದು! ಕೊನೆಗೆ ಕೇಳಿದೆ, ಗಿರಿಜಮ್ಮ ಫೋನಿನಲ್ಲಿ ನಿಮಗೆ ಏನೇನು ಅಂದರು, ನೆನಪು ಮಾಡಿಕೊಳ್ಳಿ ಎಂದು. ಅವರಿಗೆ ಒಂದಕ್ಷರವೂ ಮರೆತಿರಲಿಲ್ಲ. ತೋಳಿಗೆ ದಪ್ಪ ಲೈನಿಂಗ್ ಹಾಕ್ಸಿ ಮುಚ್ಚಿಟ್ಟಿದ್ದೀರಂತೆ — ಎಂದು ಹೇಳುತ್ತಿದ್ದಂತೆ ಅವರಿಗೇ ಹೊಳೆಯಿತು. ಲೈನಿಂಗ್ ಮಾತು ಆಗಿದ್ದು ನನ್ನ ಅಂಗಡಿಯ ಪರದೆ ಹಿಂದೆ. ಅದನ್ನು ಅವರು ತಂಗಿಗೆ ಹೇಳಿರಲೇ ಇಲ್ಲ.

ಯಾಕೆ ಹೇಳಿದೆ ಎಂದು ಒಂದೇ ಒಂದು ಸಲ ಕೇಳಿದರು. ಶ್ರೀರಾಂಪುರದ ಹೊಲಿಗೆಯ ಮಾತು ನಾಲಿಗೆಯ ತುದಿಗೆ ಬಂತು. ತಡೆದುಕೊಂಡೆ. ಅದನ್ನು ಹೇಳಿದ್ದರೆ ಅದು ತಪ್ಪೊಪ್ಪಿಗೆ ಆಗುತ್ತಿರಲಿಲ್ಲ, ಜಗಳವಾಗುತ್ತಿತ್ತು. ಹೊಟ್ಟೆಕಿಚ್ಚಿನಿಂದ ಹೇಳಿದೆ ಎಂದೆ. ಅವರು ಎದ್ದು ಒಳಗೆ ಹೋದರು. ಬಾಗಿಲ ಆಚೆಯಿಂದ, ನಾನು ಅವಳಿಗೆ ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ ಎಂದದ್ದು ಮಗಳಿಗೆ ಹೇಳಿದ್ದೋ ನನಗೋ ತಿಳಿಯಲಿಲ್ಲ. ಸುಧಮ್ಮನ ಹತ್ತಿರ ನಾನೇ ಹೋಗುತ್ತೇನೆ ಎಂದು ಹೇಳಿ ಬಂದೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಮದುವೆ ಆಯಿತು. ಧಾರೆ ಸೀರೆಯನ್ನು ಸುಧಮ್ಮನೇ ಉಡಿಸಿದರು ಎಂದು ಕೇಳಿದೆ. ನನ್ನನ್ನು ಕರೆಯಲಿಲ್ಲ, ಕರೆಯಬೇಕೆಂದು ನಾನು ಬಯಸಿಯೂ ಇರಲಿಲ್ಲ. ವಿಮಲಮ್ಮ ಅಳತೆ ಬ್ಲೌಸುಗಳನ್ನೆಲ್ಲ ವಾಪಸು ತರಿಸಿಕೊಂಡು ಬೇರೆ ಟೈಲರ್ ನೋಡಿಕೊಂಡರು. ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ನಾನು ಮಾತ್ರ ತಲೆಯೆತ್ತಿ ನಡೆಯುತ್ತೇನೆ, ಅವರು ತಿರುಗಿಸುವುದನ್ನು ನೋಡುತ್ತೇನೆ. ಮುಚ್ಚಿಟ್ಟುಕೊಂಡು ಅವರ ಕೈಯಿಂದ ಕುಂಕುಮ ಇಸಿದುಕೊಳ್ಳುತ್ತಿದ್ದ ದಿನಗಳಿಗಿಂತ ಇದು ಎಷ್ಟೋ ವಾಸಿ.

ವಿಮಲಮ್ಮನ ಮನೆಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯದೆ ಕುಮಾರ ಪಾರ್ಕಿಗೆ ಹೋದೆ. ಸುಧಮ್ಮ ಗೇಟಿನ ಹತ್ತಿರ ತುಳಸಿಗೆ ನೀರು ಹಾಕುತ್ತಿದ್ದರು. ಬ್ಲೌಸು ಇಷ್ಟು ಬೇಗ ಆಯ್ತಾ ಎಂದು ಕೇಳಿದರು. ನಿಂತಲ್ಲೇ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಚೊಂಬನ್ನು ಕಟ್ಟೆಯ ಮೇಲಿಟ್ಟು, ಅಕ್ಕ ನಂಬಿದಳಾ ಎಂದರು. ನಂಬಿದರು ಎಂದೆ. ಮೆಟ್ಟಿಲ ಮೇಲೆ ಕೂತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಅಷ್ಟು ಜನ ನೀನೇ ಅಂದ್ರೆ ನಂಬದೆ ಏನ್ ಮಾಡ್ಲಿ ಮಂಜುಳಾ? ನಾನೇ ಎಲ್ಲೋ ಯಾರ ಹತ್ರನೋ ಅಂದ್ಬಿಟ್ಟು ಮರ್ತಿದೀನಿ ಅಂತ ನಂಗೇ ಅನ್ಸೋಕೆ ಶುರುವಾಗಿತ್ತು," ಎಂದರು. "ದೇವರ ಮುಂದೆ ಕೂತು ಜ್ಞಾಪಿಸ್ಕೊಳ್ತಿದ್ದೆ. ಯಾರಿಗೆ ಅಂದೆ, ಯಾವಾಗ ಅಂದೆ ಅಂತ."

ಒಂದು ಸಂಬಂಧ ಮುರಿದೆ, ಅಕ್ಕ ತಂಗಿಯನ್ನು ಬೇರೆ ಮಾಡಿದೆ — ನನ್ನ ತಪ್ಪು ಇಷ್ಟೇ ಎಂದುಕೊಂಡು ಹೋಗಿದ್ದೆ. ಒಬ್ಬ ಹೆಂಗಸಿಗೆ ತನ್ನ ಮೇಲೇ ಇದ್ದ ನಂಬಿಕೆಯನ್ನು ನಾನು ಕಳೆದದ್ದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನೀವು ಯಾರಿಗೂ ಹೇಳಿಲ್ಲ ಅಮ್ಮಾ, ಹೇಳಿದವಳು ನಾನು ಎಂದಷ್ಟೇ ಅಂದೆ. ಸುಧಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನಗುತ್ತಲೋ ಅಳುತ್ತಲೋ ನನ್ನ ಕೈ ಹಿಡಿದುಕೊಂಡರು.

"ಇನ್ನೊಂದ್ಸಲ ಹೇಳು," ಎಂದರು.

ಹೇಳಿದೆ. ಅವರು ಸಾಕು ಎನ್ನುವವರೆಗೂ ಹೇಳಿದೆ.