ದರ್ಜಿ ಭಾವನ ಬಲಗಾಲು

ಹೆಂಡತಿ ಅದೇ ಬೀದಿಯ ಮಗಳಾದ್ದರಿಂದ ಬೀದಿಗೆಲ್ಲ ಅವನು ಭಾವ. ಕಸುಬು ಹೊಲಿಗೆ. ಬಲಗಾಲು ಮಿಷನ್ನಿನ ಪೆಡಲ್ ಮೇಲೆ, ತುಟಿಯಲ್ಲಿ ಸಿಗರೇಟು; ಎರಡೂ ಒಟ್ಟಿಗೆ ನಡೆದರೇ ಅವನಿಗೆ ಸಮಾಧಾನ.

ಆ ವರ್ಷ ಅಂಗಡಿಗೆ ನಡೆಯುವಾಗ ಬಲಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಯಾರಿಗೂ ತಿಳಿಯಬಾರದೆಂದು ಪಾತ್ರೆ ಅಂಗಡಿಯ ಮುಂದೆ ನಿಂತು ಬೋಗುಣಿ ನೋಡುವವನಂತೆ ನಟಿಸುತ್ತಿದ್ದ. ನೋವು ಇಳಿದ ಮೇಲೆ ಮುಂದಕ್ಕೆ.

“ದಿನಾ ಬಂದು ಹೆಣ್ಣು ನೋಡಿದ ಹಾಗೆ ನೋಡಿ ಹೋಗ್ತೀಯಲ್ಲ ಭಾವ, ಒಪ್ಪಿಗೆ ಯಾವತ್ತು?” ಎಂದ ಪಾತ್ರೆಯವನು.

“ಹೆಣ್ಣು ಚೆನ್ನಾಗಿದೆ ಮಾರಾಯ, ಮಾವನ ಮೋರೆ ನೋಡಿ ಹೆದರಿಕೆ!”

ಮುಂದೆ ಅದೇ ಕಾಲಿನ ಕಿರುಬೆರಳು ನೀಲಿಗಟ್ಟಿತು, ಉಗುರಿನ ಅಂಚಿನಲ್ಲಿ ಹುಣ್ಣಾಯಿತು. ಚಪ್ಪಲಿ ಕಚ್ಚಿದ್ದು ಎಂದುಕೊಂಡು ಪೆಡಲನ್ನು ಎಡಗಾಲಿಗೆ ಒಪ್ಪಿಸಿದ. ಪಕ್ಕದಲ್ಲಿ ಕೂತು ಕಾಜಾ ಹಾಕುತ್ತಿದ್ದ ಹೆಂಡತಿ ಅವನು ಹೊಲಿದ ಅಂಗಿ ಎತ್ತಿ ನೋಡಿದಳು. “ಇದೇನು ಹೊಲಿಗೆಯೋ, ಎತ್ತು ಉಚ್ಚೆ ಹೊಯ್ದಿದ್ದೋ?” ಎಂದು ಬಗ್ಗಿದವಳಿಗೆ ಅವನ ಬಲಗಾಲು ಕಂಡಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಕೈಬೆರಳನ್ನೇ ಹಿಡಿದು ಎಡಪಾದದ ಮೇಲೆ ಒತ್ತಿಸಿದಳು. “ನಾಡಿ ಬಡೀತಾ ಇದೆಯಾ?”

“ಹೂಂ.”

“ಈಗ ಬಲಗಾಲು.”

ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ.

“ಸಿಗರೇಟು ರಕ್ತನಾಳ ಮುಚ್ಚಿಸ್ತಾ ಇದೆ. ಇವತ್ತೇ ಬಿಟ್ಟರೆ ಕಾಲು ಉಳಿಯಬಹುದು. ಇಲ್ಲದಿದ್ದರೆ ಮೊದಲು ಬೆರಳು, ಆಮೇಲೆ ಪಾದ. ಬರೀ ಔಷಧಿಯಿಂದ ಆಗಲ್ಲ.”

ಕಾಲು ಹೋದ ದರ್ಜಿ! ಅಂದೇ ಸಿಗರೇಟು ಬಿಟ್ಟ. ಕೈಗೆ ಕೆಲಸವಿಲ್ಲದಂತಾಯಿತು. ಇಸ್ತ್ರಿಯಾದ ಬಟ್ಟೆಗೆ ಮತ್ತೆ ಇಸ್ತ್ರಿ, ಮಿಷನ್ ಕಿಟಕಿಯ ಬಳಿಗೆ, ಮತ್ತೆ ಗೋಡೆಯ ಬಳಿಗೆ, ಗಿರಾಕಿಗಳ ಜತೆ ಜಗಳ.

“ಕಾಲು ಸುಟ್ಟ ಬೆಕ್ಕಿನ ಹಾಗೆ ಯಾಕೆ ಸುತ್ತುತ್ತೀಯ?” ಎಂದಳು ಹೆಂಡತಿ.

“ಸುಟ್ಟಿರೋದು ಕಾಲೇ ಅಲ್ವೇನೇ!”

ಆಮೇಲೆ ಒಮ್ಮೆಲೇ ತಣ್ಣಗಾದ, ಮಾತೂ ನಿಂತಿತು. ಬಟ್ಟೆಯ ಜತೆಗೂ ಹರಟುತ್ತಿದ್ದ ಗಂಡ ಹೀಗಾದದ್ದು ಕಂಡು ಅವಳು ಕಾಜಾ ಬಿಟ್ಟು ಎದ್ದು ಅವನ ಎದುರು ನಿಂತಳು.

“ಬಾಯಿ ತೆಗಿ.”

“ಊಂ, ಊಂ.”

“ತೆಗೀತೀಯೋ, ಕತ್ತರಿ ತರಲೋ?”

ಕೆಳತುಟಿಯ ಒಳಗೆ ಹೊಗೆಸೊಪ್ಪಿನ ಉಂಡೆ.

“ಇದರಲ್ಲಿ ಹೊಗೆ ಎಲ್ಲಿದೆಯೇ? ಸಿಗರೇಟು ಬಿಡು ಅಂದ್ರು, ಬಿಟ್ಟಿದೀನಲ್ಲ.”

ಸುಳ್ಳಲ್ಲ, ಅವನು ಹಾಗೆಂದೇ ನಂಬಿದ್ದ. ಡಾಕ್ಟರಮ್ಮ ತಲೆ ಚಚ್ಚಿಕೊಂಡಳು: “ಸೇದಿದರೂ ಅಗಿದರೂ ನಾಳ ಹಿಂಡೋ ವಿಷ ಒಂದೇ ಕಣಪ್ಪ.” ಅಷ್ಟರಲ್ಲಿ ಬೆರಳು ಕಪ್ಪಾಗಿತ್ತು. ಅದನ್ನು ತೆಗೆದರು. ಪಾದ ಇನ್ನೂ ಉಳಿದಿದೆ, ಉಳಿಸಿಕೊಳ್ಳುವುದು ನಿನ್ನ ಕೈಯಲ್ಲಿದೆ, ಎಂದು ಹೇಳಿ ಕಳಿಸಿದರು.

ಹೊಗೆಸೊಪ್ಪನ್ನೂ ಬಿಟ್ಟ. ಗಾಯ ಆಮೆಯಂತೆ ನಿಧಾನವಾಗಿ ಮಾಯಿತು. ಚಡಪಡಿಕೆ ಮಾತ್ರ ಮಾಯಲಿಲ್ಲ. ಒಂದು ಮಧ್ಯಾಹ್ನ ಗೆಳೆಯ ಲಾರಿ ಡ್ರೈವರ್ ಪ್ಯಾಂಟಿನ ಅಳತೆಗೆ ಬಂದ. ತನಗೊಂದು ಸಿಗರೇಟು ಹಚ್ಚಿಕೊಂಡು, ಇನ್ನೊಂದು ಚಾಚಿದ.

“ಒಂದು ದಮ್ಮಿಗೆ ಏನಾಗುತ್ತೆ ಭಾವ?”

ಭಾವನ ಕೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲಿ ತಿರುಗಿ ಕೊರಳ ಟೇಪನ್ನು ಎಳೆದುಕೊಂಡಿತು. “ನಡಿ ಆಚೆ! ನಿನ್ನ ಹೊಟ್ಟೆ ಅಳೆಯೋಕೆ ಬೀದಿಯೇ ಬೇಕು.”

ಬಿಸಿಲಲ್ಲಿ ನಿಲ್ಲಿಸಿ, ಉಸಿರು ಬಿಗಿಹಿಡಿದು ಅಳೆದ. ಒಳಗೆ ಬಂದು ಕೂತ. ಬಲಗಾಲಿನ ಉಳಿದ ನಾಲ್ಕು ಬೆರಳು ಪೆಡಲ್ ಮೇಲಿಟ್ಟು, ಕೈಗೆ ಸಿಕ್ಕ ಚಿಂದಿಯೊಂದನ್ನು ಉದ್ದಕ್ಕೂ ಹೊಲಿದ, ಅಡ್ಡಕ್ಕೂ ಹೊಲಿದ, ಸೂಜಿಗೆ ಜಾಗ ಸಿಗದಷ್ಟು ಹೊಲಿದ.

ಹೆಂಡತಿ ಇನ್ನೊಂದು ಚಿಂದಿ ಮುಂದಕ್ಕೆ ತಳ್ಳಿದಳು.