ಅಣ್ಣನ ಸಂಕಲ್ಪದ ಪುಸ್ತಕ

ಹುಚ್ಚರಂಗಯ್ಯ ಹಗೆ ಸಾಧಿಸುವ ಮನುಷ್ಯ. ಅದರಲ್ಲಿ ಎರಡು ಮಾತಿಲ್ಲ. ಅವನಿಗೆ ಒಮ್ಮೆ ಕೇಡು ಮಾಡಿದವರು ಸತ್ತು ಮಣ್ಣಾದ ಮೇಲೂ ಅವರ ವಿಷಯದಲ್ಲಿ ಅವನ ಬಾಯಿಂದ ಒಳ್ಳೆಯ ಮಾತು ಬರುತ್ತಿರಲಿಲ್ಲ. ದಬ್ಬೇಘಟ್ಟದ ಸುತ್ತಿನ ಜನ ಅವನನ್ನು ಕಂಡರೆ ದಾರಿ ಬಿಡುತ್ತಿದ್ದರು, ಗೌರವಕ್ಕಲ್ಲ.

ಅವನ ದೊಡ್ಡ ಹಗೆ ಒಡಹುಟ್ಟಿದ ಅಣ್ಣ ದೊಡ್ಡರಂಗಯ್ಯನ ಮೇಲಿತ್ತು. ಇಬ್ಬರ ತೋಟಗಳ ನಡುವೆ ಕತ್ತಾಳೆಯ ಬೇಲಿ. ತಮ್ಮನ ಕಡೆ ಬೆಳೆದ ಒಂದು ತೆಂಗಿನಮರ ಬಾಗಿ, ಅಣ್ಣನ ಕೊಟ್ಟಿಗೆಯ ಹೆಂಚಿನ ಮೇಲೆ ಕಾಯಿ ಉದುರಿಸುತ್ತಿತ್ತು. ಬಾಗಿದ ಮರವನ್ನು ತಂತಿ ಹಾಕಿ ಇನ್ನೊಂದು ಮರಕ್ಕೆ ಬಿಗಿಯುವುದು ಅಲ್ಲಿಯ ರೂಢಿ. ಆದರೆ ಹುಚ್ಚರಂಗಯ್ಯ ಹೆಂಡತಿಯ ತವರಿಗೆ ಹೋಗಿದ್ದ ದಿನ ದೊಡ್ಡರಂಗಯ್ಯ ಆ ಮರಕ್ಕೆ ಕೊಡಲಿ ಹಾಕಿಸಿಬಿಟ್ಟ. ಫಲ ಬಿಡುವ ತೆಂಗನ್ನು ಕಡಿದವನನ್ನು ಆ ಸೀಮೆಯಲ್ಲಿ ಕೊಲೆಗಡುಕನಂತೆ ನೋಡುತ್ತಾರೆ. ಊರಿಗೆ ಮರಳಿದ ತಮ್ಮ ಅದನ್ನು ನೋಡಿದ. ಒಂದು ಮಾತೂ ಆಡಲಿಲ್ಲ. ಆಮೇಲೆ ಆರು ವರ್ಷ ಆಡಲಿಲ್ಲ. ಮರದ ಬೊಡ್ಡೆಯನ್ನು ಕೀಳಿಸದೆ, ದಿನಾ ಕಣ್ಣಿಗೆ ಬೀಳಲೆಂದು ಹಾಗೆಯೇ ಉಳಿಸಿಕೊಂಡ.

೧೯೮೧ರಲ್ಲಿ ನಿವೃತ್ತ ಮೇಷ್ಟ್ರು ಶಂಭುಲಿಂಗಯ್ಯನವರು ಊರಿನ ಶಾಲೆಯ ಜಗಲಿಯಲ್ಲಿ ಬೆಳಗಿನ ಯೋಗದ ತರಗತಿ ತೆರೆದರು. ಆಸನ, ಪ್ರಾಣಾಯಾಮ, ಕೊನೆಗೆ ಧ್ಯಾನ. ಧ್ಯಾನ ಮುಗಿದೊಡನೆ ಪ್ರತಿಯೊಬ್ಬನೂ ತನ್ನದೊಂದು ಪುಸ್ತಕದಲ್ಲಿ ಅಂದಿನ ಸಂಕಲ್ಪ ಬರೆಯಬೇಕು. ಅದು ನಡೆಯಿತೋ ಇಲ್ಲವೋ ಮರುದಿನ ಎಲ್ಲರೆದುರು ಓದಬೇಕು. ಸುಳ್ಳು ಬರೆದವನು ಮತ್ತೆ ಜಗಲಿ ಹತ್ತುವ ಹಾಗಿಲ್ಲ. ದೊಡ್ಡರಂಗಯ್ಯ ಮೊದಲ ದಿನದಿಂದಲೇ ಹೋಗುತ್ತಿದ್ದ. ಹುಚ್ಚರಂಗಯ್ಯ ಆ ಕಡೆ ತಲೆ ಹಾಕಿರಲಿಲ್ಲ.

ಒಂದು ದಿನ ತಿಪ್ಪಯ್ಯ ತೋಟಕ್ಕೆ ಬಂದ. ಅವನೂ ಆ ತರಗತಿಯವನೇ. ಆಸನಕ್ಕಿಂತ ಅಡ್ಡಮಾತಿನಲ್ಲಿ ನುರಿತವನು.

"ಏನ್ಲಾ ರಂಗ, ಅಂತೂ ಅಣ್ಣ ತಮ್ಮ ಒಂದಾದ್ರಿ ಅನ್ನು!"

"ಯಾವನ್ಲಾ ಅಂದೋನು?"

"ನಿಮ್ಮಣ್ಣನೇ ಕಣ್ಲಾ. ನೆನ್ನೆ ತಮ್ಮನ್ನ ಮಾತಾಡಿಸ್ದೆ ಅಂತ ಪುಸ್ತಕದಾಗೆ ಬರ್ಕೊಂಡು ಓದ್ದ. ಮೇಷ್ಟ್ರು ಬೆನ್ನು ತಟ್ಟುದ್ರು."

ಹುಚ್ಚರಂಗಯ್ಯನ ಕೈಯಲ್ಲಿದ್ದ ಗುದ್ದಲಿ ಅಲ್ಲೇ ನಿಂತಿತು. ಆರು ವರ್ಷ ಕಾದದ್ದು ತಾನಾಗಿ ಕೈಗೆ ಬಂದಿತ್ತು. ಅಣ್ಣ ಸುಳ್ಳು ಬರೆದಿದ್ದಾನೆ. ಅದನ್ನು ಹೇಳಬಲ್ಲವನು ತಾನೊಬ್ಬನೇ.

ಮರುದಿನ ಬೆಳಕು ಹರಿಯುವ ಮೊದಲೇ ಅವನು ಎದ್ದು ಮಡಿ ಪಂಚೆ ಉಟ್ಟುಕೊಂಡ. ಹೆಂಡತಿ ಲಕ್ಷ್ಮಕ್ಕನಿಗೆ ಅನುಮಾನ ಬಂತು.

"ಎಲ್ಲಿಗೆ ಹೊಂಟ್ರಿ?"

"ಯೋಗಕ್ಕೆ."

"ನಿಮ್ಮ ಮಕ ನೋಡುದ್ರೆ ಯೋಗಕ್ಕೆ ಹೋಗೋರ ಹಂಗಿಲ್ಲ ಕಣ್ರೀ. ನಿಮ್ಮಣ್ಣನ ಮಾನ ಕಳೀಬ್ಯಾಡಿ."

ಅವನು ಪಂಚೆ ಎತ್ತಿ ಕಟ್ಟಿಕೊಂಡು ಹೊರಟ.

ಜಗಲಿಯಲ್ಲಿ ಅಣ್ಣನ ಪಕ್ಕದ ಚಾಪೆಯೇ ಖಾಲಿ ಇತ್ತು. ಹೋಗಿ ಕೂತ. ದೊಡ್ಡರಂಗಯ್ಯ ಒಮ್ಮೆ ನೋಡಿದ. ಅವನ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಉಸಿರು ಒಳಗೆ, ಉಸಿರು ಹೊರಗೆ ಎಂದು ಮೇಷ್ಟ್ರು ಎಣಿಸುತ್ತಿದ್ದರು. ಹುಚ್ಚರಂಗಯ್ಯ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮಸೆಯುತ್ತಿದ್ದ. 'ನಮ್ಮಣ್ಣ ಸುಳ್ಳ. ಮರಾನೂ ಕಡ್ದ, ಮಾತೂ ಕದ್ದ.'

ಓದುವ ಸರದಿ ಬಂತು. ದೊಡ್ಡರಂಗಯ್ಯ ಪುಸ್ತಕ ತೆರೆದ. ಗಾಳಿಗೆ ಹಾಳೆಗಳು ಹಿಂದಕ್ಕೆ ಮಗುಚಿಕೊಂಡವು. ಹುಚ್ಚರಂಗಯ್ಯ ನಾಲ್ಕನೇ ಕ್ಲಾಸು ಓದಿದವನು. ಬೇಡವೆಂದರೂ ಅಕ್ಷರ ಕಣ್ಣಿಗೆ ಬಿತ್ತು. 'ರಂಗನನ್ನು ಮಾತಾಡಿಸಬೇಕು. ಆಗಲಿಲ್ಲ.' ಮುಂದಿನ ಹಾಳೆ: 'ರಂಗನನ್ನು ಮಾತಾಡಿಸಬೇಕು. ಬೇಲಿವರೆಗೆ ಹೋದೆ. ಆಗಲಿಲ್ಲ.' ಅದರ ಮುಂದೆಯೂ ಅದೇ. ನಲವತ್ತಕ್ಕೆ ಕಡಿಮೆಯಿಲ್ಲದ ಹಾಳೆಗಳು.

ಬೇಲಿಯ ಹತ್ತಿರ ಅಣ್ಣ ಬಂದು ನಿಲ್ಲುವುದನ್ನು ಹುಚ್ಚರಂಗಯ್ಯ ನೋಡಿದ್ದ. ಕೆಮ್ಮುವುದನ್ನೂ ಕೇಳಿದ್ದ. ಬೊಡ್ಡೆ ನೋಡಿ ಹಿಗ್ಗಲು ಬರುತ್ತಾನೆಂದು ತಿಳಿದು ಪ್ರತಿ ಸಲವೂ ಬೆನ್ನು ತಿರುಗಿಸಿದ್ದ.

"ಓದಿ ದೊಡ್ಡರಂಗಯ್ಯನವರೇ," ಎಂದರು ಮೇಷ್ಟ್ರು.

"ಎಷ್ಟು ದಿನ ಆಗ್ಲಿಲ್ಲ ಆಗ್ಲಿಲ್ಲ ಅಂತ ಓದಿ ನಗೆಪಾಟಲಾದ," ತಿಪ್ಪಯ್ಯ ನಕ್ಕ. "ಈಗ ತಮ್ಮ ಎದುರಿಗೇ ಅವ್ನೆ. ಮಾತಾಡಿಸಿದ್ದು ನಿಜಾನೋ ಸುಳ್ಳೋ ಕೇಳಿ ಮೇಷ್ಟ್ರೇ!"

ದೊಡ್ಡರಂಗಯ್ಯ ತಲೆ ಎತ್ತಲಿಲ್ಲ. ಪುಸ್ತಕವನ್ನು ಮುಚ್ಚಿ, ಏಳಲು ನೆಲಕ್ಕೆ ಕೈ ಊರಿದ. ಜಗಲಿಯ ಮೇಲಿದ್ದ ಹನ್ನೆರಡು ಜನರೂ ಹುಚ್ಚರಂಗಯ್ಯನ ಬಾಯನ್ನೇ ನೋಡುತ್ತಿದ್ದರು.

"ಹೇಳಪ್ಪ," ಎಂದರು ಮೇಷ್ಟ್ರು. "ನಿಮ್ಮಣ್ಣ ನಿನ್ನನ್ನು ಮಾತಾಡಿಸಿದ್ದು ಹೌದೇ?"

ಮಸೆದಿಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹುಚ್ಚರಂಗಯ್ಯ ಗಂಟಲು ಸರಿಮಾಡಿಕೊಂಡ.

"ಹೂಂ. ಮಾತಾಡಿಸ್ದ."

"ಏನಂದ್ನಲಾ?" ತಿಪ್ಪಯ್ಯ ಬಿಡಲಿಲ್ಲ.

"ಗಿಡಕ್ಕೆ ನೀರು ಬುಟ್ಟ್ಯಾ ಅಂದ," ಎಂದ ಹುಚ್ಚರಂಗಯ್ಯ, ಅಣ್ಣನ ಕಡೆ ನೋಡದೆ. "ಬುಟ್ಟೆ ಕಣಣ್ಣ ಅಂದೆ."